ಇಪ್ಪತ್ತನೆಯ ಚೀಟಿ

ಏಪ್ರಿಲ್ 9, ಶುಕ್ರವಾರ

ಪ್ರೀತಿಯ ತಂಗಿಗೆ,

ನಾನು ಆರೋಗ್ಯವಾಗಿದ್ದೇನೆ. ನಿನ್ನ ಎರಡು ಕಾಗದಕ್ಕೂ ಉತ್ತರ ಬರೆಯದೆ ಕೂತಿದ್ದಕ್ಕೆ ಬೈಯಬೇಡ. ನಿನ್ನ ಮಗಳು ವಕೀಲಳಾದ ಸುದ್ದಿ ಓದಿ ಕುಣಿಯಬೇಕಿದ್ದ ದೊಡ್ಡಮ್ಮ ಯಾಕೆ ತೆಪ್ಪಗಿದ್ದಾಳೆ ಅಂದುಕೊಂಡಿರುತ್ತೀಯ.

ಹೋದ ತಿಂಗಳು ನಮ್ಮ ಸರ್ಕಾರಿ ಶಿಶುವಿಹಾರಕ್ಕೆ ಸಂಶೋಧನೆ ಮಾಡುವ ಹುಡುಗಿಯೊಬ್ಬಳು ಬಂದಳು. ಇಪ್ಪತ್ತು ವರ್ಷದ ಹಿಂದೆ ಇಪ್ಪತ್ತು ಸೀಟಿಗೆ ನಲವತ್ತು ಬಡಮಕ್ಕಳ ಅರ್ಜಿ ಬಂದು ನಾನು ಚೀಟಿ ಎತ್ತಿದ್ದು ನೆನಪಿದೆಯಲ್ಲ? ಆ ನಲವತ್ತೂ ಮಕ್ಕಳು ಏನಾದರೆಂದು ಅವಳು ಮನೆಮನೆ ತಿರುಗಿ ಬರೆದುಕೊಂಡಿದ್ದಾಳೆ.

"ಮೂರನೇ ಕ್ಲಾಸಲ್ಲಿ ಎರಡೂ ಗುಂಪಿನ ಮಾರ್ಕ್ಸ್ ಒಂದೇ, ಟೀಚರ್. ಶಿಶುವಿಹಾರದಿಂದ ಏನೂ ಉಪಯೋಗ ಇಲ್ಲ ಅಂತ್ಲೇ ಆಗ ಅಂದಿದ್ರು. ಹೈಸ್ಕೂಲಿಗೆ ಬಂದಾಗ ನೋಡಿ!" ಎಂದು ಹಾಳೆ ಮುಂದಿಟ್ಟಳು. ನನ್ನ ಹತ್ತಿರ ಕಲಿತವರಲ್ಲಿ ಹದಿನೇಳು ಜನ ಹೈಸ್ಕೂಲು ಮುಗಿಸಿದ್ದಾರೆ. ಹೊರಗುಳಿದವರಲ್ಲಿ ಎಂಟೇ ಜನ.

ಈ ಲೆಕ್ಕ ನಿಲ್ಲಬೇಕಾದರೆ, ಚೀಟಿ ಎತ್ತಿದ್ದರಲ್ಲಿ ಮೋಸ ನಡೆದಿಲ್ಲವೆಂದು ನನ್ನ ಸಹಿ ಬೇಕಂತೆ. ತಲೆನೋವೆಂದು ಸಾಗಹಾಕಿದೆ. ಸೋಮವಾರ ಮತ್ತೆ ಬರುತ್ತಾಳೆ.

ನಿನ್ನೆ, ಹೊರಗುಳಿದವರಲ್ಲಿ ಒಬ್ಬಳನ್ನು ಹುಡುಕಿಕೊಂಡು ಹೋದೆ. ಲಾಂಡ್ರಿಯಲ್ಲಿ ಇಸ್ತ್ರಿ ಮಾಡುತ್ತಾಳೆ. ಏಳನೇ ಕ್ಲಾಸಲ್ಲಿ ಎರಡು ಸಲ ಫೇಲಾಗಿ ಬಿಟ್ಟಳಂತೆ. ಅಂಗಿಗೆ ಚುಚ್ಚಿದ್ದ ಚೀಟಿಯ ಮೇಲಿನ ಗಿರಾಕಿಯ ಹೆಸರನ್ನು ಬೆರಳಿಟ್ಟು, ಒಂದೊಂದೇ ಅಕ್ಷರ ಕೂಡಿಸಿ ಓದುತ್ತಿದ್ದಳು. ಮೇಜಿನ ಕೆಳಗೆ ಅವಳ ನಾಲ್ಕು ವರ್ಷದ ಮಗಳು ಗುಂಡಿಗಳನ್ನು ಸಾಲಾಗಿ ಜೋಡಿಸುತ್ತಿತ್ತು. ತಾಯಿ ನನ್ನ ಗುರುತು ಹಿಡಿದು, ಸ್ಟೂಲು ಒರೆಸಿ ಕೂರಿಸಿದಳು. ಆ ಚೀಟಿಯ ಮಾತೆತ್ತಿದೆ.

"ನಂದೇ ಅದೃಷ್ಟ ಸರಿಯಿರ್ಲಿಲ್ಲ ಬಿಡಿ, ಟೀಚರ್" ಎಂದು ನಕ್ಕಳು.

ನಿನ್ನ ಮಗಳು ಕಣ್ಣಿಗೆ ಎಣ್ಣೆ ಬಿಟ್ಟುಕೊಂಡು ಓದಿದವಳು. ಆ ಓದನ್ನು ಯಾರೂ ಕಿತ್ತುಕೊಳ್ಳಲಾರರು. ಅವಳಿಗೆ ಒಳ್ಳೆಯದಾಗಲಿ. ಈ ದೊಡ್ಡಮ್ಮನ ಆಶೀರ್ವಾದ ಅವಳಿಗಿನ್ನೂ ಬೇಕೆನಿಸಿದರೆ, ಅದೂ ಇರಲಿ.

ನಿನ್ನ
ಅಕ್ಕ

ಮತ್ತೊಂದು ವಿಷಯ: ಆ ದಿನ ನಾನು ಎತ್ತಿದ ಇಪ್ಪತ್ತನೆಯ, ಕೊನೆಯ ಚೀಟಿಯಲ್ಲಿದ್ದದ್ದು ಈ ಇಸ್ತ್ರಿಯವಳ ಹೆಸರು. ನಾನು ಓದಿದ್ದು ನಿನ್ನ ಮಗಳ ಹೆಸರು. ಗಂಡನನ್ನು ಕಳೆದುಕೊಂಡ ನೀನು ಆಗ ಮಗುವನ್ನು ಮನೆಯೊಳಗೆ ಬಿಟ್ಟು, ಬೀಗ ಹಾಕಿಕೊಂಡು ಕಾರ್ಖಾನೆಗೆ ಹೋಗುತ್ತಿದ್ದೆ. ನನಗೆ ತಡೆಯಲಾಗಲಿಲ್ಲ. ಸೋಮವಾರ ಇದನ್ನೇ ಬರೆದುಕೊಡುತ್ತೇನೆ.

ನಿನ್ನೆ ಅವಳಿಗೂ ಹೇಳಿಬಿಟ್ಟೆ. ಬೈಯಲಿಲ್ಲ. ಅಂಗಿ ಸುಟ್ಟ ವಾಸನೆ ಬಂದಮೇಲೆ ಇಸ್ತ್ರಿಪೆಟ್ಟಿಗೆ ಎತ್ತಿಟ್ಟಳು. ಮಗಳನ್ನು ಹತ್ತಿರ ಎಳೆದುಕೊಂಡು ಕೇಳಿದಳು: "ಇವಳಿಗೂ ಅರ್ಜಿ ಹಾಕಿದೀನಿ. ಈ ಸಲಾನೂ ಚೀಟಿ ಎತ್ತೋದು ನೀವೇನಾ?"