ಎದುರಾಳಿಯ ನೆನಪು

ಪಡೀಲ್, ಮಂಗಳೂರು
೨೦ ನವೆಂಬರ್ ೧೯೭೭

ಪ್ರೀತಿಯ ಗಿರಿಜಕ್ಕನಿಗೆ,

ನಮಸ್ಕಾರ. ನಿಮ್ಮ ಕಾಗದ ಬಂದು ಬಹಳ ದಿನವಾಯಿತು. ಉತ್ತರ ತಡವಾದದ್ದಕ್ಕೆ ಬೇಸರ ಮಾಡಬೇಡಿ, ಬರೆಯಲು ಕೂತರೆ ಕೈ ಬರುತ್ತಿರಲಿಲ್ಲ. ನಿಮ್ಮ ಮಂಡಿನೋವು ಹೇಗುಂಟು? ಮಗಳು ಪಂಕಜಾಕ್ಷಿಗೆ ಗಂಡು ಮಗುವಂತೆ, ಪಕ್ಕದ ಮನೆಯ ಡಾಲಿ ಬಾಯಿ ಹೇಳಿದರು. ಸಂತೋಷ. ನಿಮ್ಮ ಯಜಮಾನರು ಕಮಲಾಕ್ಷ ಮಾಸ್ಟ್ರು ಈಗ ಹೆಡ್‌ಮಾಸ್ಟ್ರಂತೆ. ಅದೂ ಸಂತೋಷವೇ.

ಇಲ್ಲಿ ನಮ್ಮವರ ಹೋಟೆಲನ್ನು ಈಗ ನಾನೇ ನೋಡಿಕೊಳ್ಳುತ್ತೇನೆ. ಮೊದಮೊದಲು ಗಿರಾಕಿಗಳು ಈ ಕಡೆ ತಲೆ ಹಾಕುತ್ತಿರಲಿಲ್ಲ. ಜೈಲಿಗೆ ಹೋದವನ ಹೋಟೆಲಿನಲ್ಲಿ ಚಾ ಕುಡಿದರೆ ತಮ್ಮನ್ನೂ ಹಿಡಿದಾರೆಂಬ ಹೆದರಿಕೆ. ದೆಹಲಿಯಲ್ಲಿ ಸರ್ಕಾರ ಬದಲಾದದ್ದೇ ತಡ, ಅದೇ ಜನ ಬಂದು, "ನಮ್ಮ ಮಹಾಬಲ ಶೆಟ್ರದ್ದು ಎಂಥ ಧೈರ್ಯ ಮಾರಾಯ್ರೆ!" ಎನ್ನುತ್ತ ಬನ್ಸ್ ತಿನ್ನುತ್ತಾರೆ. ನನಗೆ ಮೈಯೆಲ್ಲ ಉರಿಯುತ್ತದೆ. ಆದರೂ ಬನ್ಸ್ ಕೊಡುತ್ತೇನೆ.

ನೀವು ಕೇಳಿದ ವಿಷಯಕ್ಕೆ ಬರುತ್ತೇನೆ. ನಮ್ಮವರು ತೀರಿ ವರ್ಷವಾಗುವ ದಿನ ಸಂಘದವರು ಸಭೆ ಇಟ್ಟಿದ್ದಾರೆ. ಅಲ್ಲಿ ಮಾಸ್ಟ್ರು ಸ್ನೇಹಿತನ ಬಗ್ಗೆ ಮಾತಾಡಬೇಕೆಂದಿದ್ದಾರೆ, ಆದರೆ ನನ್ನ ಒಪ್ಪಿಗೆ ಇಲ್ಲದೆ ಹೊರಡುವುದಿಲ್ಲ ಎಂದು ಬರೆದಿದ್ದೀರಿ. ವೇಷವಿಲ್ಲದೆ, ಬರೀ ಮಾತಿನಲ್ಲೇ ಯುದ್ಧ ಮಾಡುವ ತಾಳಮದ್ದಳೆಯಲ್ಲಿ ಮೂವತ್ತು ವರ್ಷ ಎದುರುಬದುರು ಕೂತವರು. ಅವರಲ್ಲದೆ ಇನ್ಯಾರು ಮಾತಾಡಬೇಕು?

ಅವರಿಬ್ಬರ ಆ ಕೊನೆಯ ತಾಳಮದ್ದಳೆ ಕೂಟಕ್ಕೆ ನೀವು ಬಂದಿರಲಿಲ್ಲ, ಅದಕ್ಕೆ ಹೇಳುತ್ತೇನೆ. ಎಮರ್ಜೆನ್ಸಿಯ ಕಾಲ. ಅನುಮತಿ ಕೇಳಲು ಹೋದಾಗ ಇನ್‌ಸ್ಪೆಕ್ಟರು, "ಯಾರು ಎಂತ ಮಾತಾಡ್ತೀರಿ ಅಂತ ಮೊದಲೇ ಬರೆದು ಕೊಡಿ" ಎಂದನಂತೆ. ನಮ್ಮವರು ನಕ್ಕುಬಿಟ್ಟರಂತೆ. "ಹಾಡಿಗೆ ಪುಸ್ತಕ ಉಂಟು ಸ್ವಾಮೀ, ಮಾತಿಗೆ ಇಲ್ಲ. ಎದುರಿನವ ಎಂತ ಕೇಳ್ತಾನೆ ಅಂತ ನನಗೇ ಗೊತ್ತಿಲ್ಲ, ಉತ್ತರ ಎಲ್ಲಿಂದ ಬರೆದು ಕೊಡ್ಲಿ?" ಆ ನಗು ಅವನಿಗೆ ಹಿಡಿಸಲಿಲ್ಲ.

ಕೂಟಕ್ಕೆ ಒಬ್ಬ ಪೊಲೀಸಿನವನನ್ನು ಕೂರಿಸಿದರು. ಮಾಸ್ಟ್ರು ದುಷ್ಟ ರಾಜ, ನಮ್ಮವರು ಅವನಿಗೆ ಬುದ್ಧಿ ಹೇಳಲು ಬಂದ ದೂತ. ಪೊಲೀಸಿನವನು ಘಟ್ಟದ ಮೇಲಿನವ, ಪಾಪ. ಇವರಿಬ್ಬರ ವೇಗಕ್ಕೆ ಬರೆಯಲಾಗದೆ ಪೆನ್ನು ಹಿಡಿದು ಕಣ್ಣುಕಣ್ಣು ಬಿಡುತ್ತಿದ್ದ. ಮೊದಲ ಸಾಲಿನಲ್ಲಿದ್ದ ನಾನು ಅವನನ್ನು ನೋಡಿ ನಗುತ್ತಿದ್ದೆ.

ಮುಂದಿನ ವಾರ ನಮ್ಮವರನ್ನು ಗಲ್ಲಾದಿಂದಲೇ ಎಬ್ಬಿಸಿಕೊಂಡು ಹೋದರು. ಠಾಣೆಯಲ್ಲಿ ಅವರಾಡಿದ ಮಾತನ್ನೆಲ್ಲ ಇನ್‌ಸ್ಪೆಕ್ಟರು ಮೊದಲಿನಿಂದ ಓದಿ ಹೇಳಿದನಂತೆ. ಅದರಲ್ಲಿ ದೊಡ್ಡ ಅಪರಾಧ ಇದು: "ಈ ರಾಜ್ಯದಲ್ಲಿ ಮಾತಾಡಲಿಕ್ಕೆ ಹುಟ್ಟಿದ್ದು ಒಬ್ಬರೇ. ಉಳಿದವರೆಲ್ಲ ಚಪ್ಪಾಳೆ ಹೊಡೆಯಲಿಕ್ಕೆ ಹುಟ್ಟಿದವರು."

ಜೈಲಿಗೆ ನೋಡಲು ಹೋದಾಗ ಇವರು ಹೇಳಿದರು, "ನನ್ನದೊಂದು ಶಬ್ದವೂ ಬಿದ್ದುಹೋಗಿಲ್ಲ ಮಾರಾಯ್ತಿ. ಎದುರು ಕೂತವನಿಗಲ್ಲದೆ ಅಷ್ಟು ನೆನಪು ಯಾರಿಗುಂಟು? ಖಂಡಿಸಬೇಕಾದರೆ ಅವ ಎಲ್ಲ ಹಿಡಿದಿಟ್ಟುಕೊಳ್ಳಬೇಕಲ್ಲ." ಆ ಪರಿಸ್ಥಿತಿಯಲ್ಲೂ ಗೆಳೆಯನ ನೆನಪಿನ ಬಗ್ಗೆ ಅವರಿಗೆ ಹೆಮ್ಮೆ!

ಹೌದು ಗಿರಿಜಕ್ಕ, ಪೊಲೀಸರಿಗೆ ಹೇಳಿಕೊಟ್ಟವರು ನಿಮ್ಮವರು. ಸರ್ಕಾರಿ ಶಾಲೆಯ ಕೆಲಸ ತೆಗೆಯುತ್ತೇವೆಂದು ಹೆದರಿಸಿದರಂತೆ. ನಿಮಗೆ ಇದು ಗೊತ್ತಿಲ್ಲವೆಂದು ನಿಮ್ಮ ಕಾಗದ ಓದಿಯೇ ತಿಳಿಯಿತು. ನಮ್ಮವರು, "ಅವನಿಗೆ ಮಗಳ ಮದುವೆ ಉಂಟು, ಬಿಡು" ಎಂದರು. ನಾನೂ ಬಿಟ್ಟೆ, ಹೊಟ್ಟೆಯಲ್ಲಿ ಬೆಂಕಿ ಇಟ್ಟುಕೊಂಡು ಬಿಟ್ಟೆ.

ಜೈಲಿನಲ್ಲಿ ದಮ್ಮು ಹೆಚ್ಚಾಯಿತು. ಫಳ್ನೀರಿನ ಆಸ್ಪತ್ರೆಗೆ ತಂದಾಗ ಅವರಿಗೆ ಎದ್ದು ಕೂರುವ ತ್ರಾಣವೂ ಇರಲಿಲ್ಲ. ಅಂಥವರ ಕೈಯನ್ನು ಮಂಚಕ್ಕೆ ಬೇಡಿ ಹಾಕಿ ಬಿಗಿದಿದ್ದರು. ನೀರು ಕುಡಿಸುವಷ್ಟು ಹೊತ್ತಾದರೂ ತೆಗೆಯಪ್ಪ ಎಂದರೆ ಕಾವಲಿನವ, "ಆರ್ಡರ್ ಇಲ್ಲಮ್ಮ" ಎಂದ. ಹಾಗೆಯೇ ಹೋದರು. ಹೆಣದ ಬೇಡಿ ಬಿಚ್ಚಲಿಕ್ಕೂ ಸಾಹೇಬ ಊಟ ಮುಗಿಸಿ ಬರುವವರೆಗೆ ಕಾದೆವು.

ಮಾಸ್ಟ್ರು ಬರಲಿ, ನನ್ನ ಒಪ್ಪಿಗೆ ಉಂಟು. ಪಂಕಜಾಕ್ಷಿಗೂ ಮಗುವಿಗೂ ದೇವರು ಒಳ್ಳೆಯದು ಮಾಡಲಿ, ಆ ಕೂಸು ಯಾರಿಗೂ ಹೆದರದೆ ಮಾತು ಕಲಿಯಲಿ. ನೀವು ಮಂಡಿಗೆ ಬಿಸಿ ಎಣ್ಣೆ ಹಚ್ಚುವುದನ್ನು ಬಿಡಬೇಡಿ.

ನಿಮ್ಮ ಮೇಲೆ ಸಿಟ್ಟಿಲ್ಲದ,
ಗುಣವತಿ

ತಾ.ಕ.: ಚಪ್ಪಾಳೆಯ ಆ ಮಾತು ನಮ್ಮವರದ್ದಲ್ಲ. ಅದು ರಾಜನ ಜಂಭದ ಮಾತು. ನಿಮ್ಮವರು ಎದೆ ತಟ್ಟಿಕೊಂಡು ಹೇಳಿದರು, ಸಭೆ ಬಿದ್ದು ಬಿದ್ದು ನಕ್ಕಿತು, ನಾನೂ ನಕ್ಕೆ. ಠಾಣೆಯಲ್ಲಿ ಅದನ್ನು ಮಾಸ್ಟ್ರು ನಮ್ಮವರ ಬಾಯಿಗೆ ಹಾಕಿ ಮನೆಗೆ ನಡೆದರು. ನಿಜ ಹೇಳಿಬಿಡಿ ಎಂದು ಜೈಲಿನಲ್ಲಿ ಇವರನ್ನು ಅತ್ತು ಕೇಳಿಕೊಂಡೆ. "ಅವನನ್ನು ಒಳಗೆ ಹಾಕಿಸಿ ನಾನು ಹೊರಗೆ ಬಂದರೆ, ಮತ್ತೆ ಯಾರ ಎದುರು ಕೂತು ಮಾತಾಡ್ಲಿ?" ಎಂದರು. ತಾವಿರುವವರೆಗೆ ನಾನೂ ಬಾಯಿ ಬಿಡಬಾರದೆಂದು ಆಣೆ ಹಾಕಿಸಿಕೊಂಡರು. ಈಗ ಅವರಿಲ್ಲ. ಸಭೆಯಲ್ಲಿ ಮಾಸ್ಟ್ರು ಬೇರೆ ಭಾಷಣ ಮಾಡುವುದು ಬೇಡ. ಆ ಒಂದು ಮಾತನ್ನು ಮೈಕಿನಲ್ಲಿ ಹೇಳಿ, ಇದು ನನ್ನದು ಎನ್ನಲಿ. ನಾನು ಮೊದಲ ಸಾಲಿನಲ್ಲೇ ಕೂತಿರುತ್ತೇನೆ. ಚಪ್ಪಾಳೆ ಹೊಡೆಯುತ್ತೇನೆ.