ಇಂಟರ್‌ವಲ್‌ಗೆ ಎದ್ದು ಬಂದವಳ ಅಭಿಪ್ರಾಯ

ಕೆಂಪಾಪುರ, ಹೆಬ್ಬಾಳ
15 ಸೆಪ್ಟೆಂಬರ್ 2025, ಸೋಮವಾರ

ಮುದ್ದಿನ ಸುಮಾ,

ಹೇಗಿದ್ದೀಯ? ಎಮ್ಮೆ ಒದ್ದ ಮೊಣಕಾಲು ಈಗ ಹೇಗಿದೆ? ದನದ ಡಾಕ್ಟರ್ ಆಗುವವಳಿಗೆ ಇದೆಲ್ಲ ಮಾಮೂಲು ಎಂದು ನೀನು ನಕ್ಕುಬಿಡುತ್ತೀಯ. ಆದರೆ ಬೀದರಿನ ಎಮ್ಮೆಗೆ ಒದೆಯಲು ನಮ್ಮ ಮನೆಯ ಹುಡುಗಿಯ ಕಾಲೇ ಬೇಕಿತ್ತೇ ಎಂದು ನನಗೆ ಇವತ್ತಿಗೂ ಸಿಟ್ಟಿದೆ. ಬಿಸಿ ಎಣ್ಣೆ ಹಚ್ಚಿ ನೀವಿಕೊ, ತಣ್ಣೀರಿನ ಸ್ನಾನ ಬೇಡ. ಹಾಸ್ಟೆಲ್ಲಿನ ಚಪಾತಿ ತಿಂದು ತಿಂದು ಸಣ್ಣಗಾಗಿದ್ದೀಯ ಎಂದು ಅಜ್ಜಿ ಹೇಳುತ್ತಿದ್ದರು. ಈ ಡಬ್ಬಿಯಲ್ಲಿ ಚಟ್ನಿಪುಡಿ, ಕೋಡುಬಳೆ, ಹುರಿದ ಅವರೆಬೇಳೆ ಇದೆ. ಕಾಗದವನ್ನು ಬೇಕೆಂದೇ ಎಲ್ಲಕ್ಕಿಂತ ಕೆಳಗೆ ಇಟ್ಟಿದ್ದೇನೆ. ಮೊದಲೇ ಓದಿದರೆ ಕೋಡುಬಳೆಯನ್ನೂ ಮುಟ್ಟದೆ ಹಾಗೇ ವಾಪಸ್ ಕಳಿಸಿಬಿಡುತ್ತೀಯೇನೋ ಎಂಬ ಭಯ.

ಇಲ್ಲಿ ಎಲ್ಲರೂ ಚೆನ್ನಾಗಿದ್ದೇವೆ. ಕೆಂದಿಯ ಕೆಚ್ಚಲು ಬಾವು ನೀನು ಹೇಳಿದ ಔಷಧಿಗೆ ಇಳಿದಿದೆ. ಹಿಂದಿನ ಅಪಾರ್ಟ್‌ಮೆಂಟಿನವರು ಸಗಣಿ ವಾಸನೆ ಎಂದು ಮತ್ತೆ ದೂರು ಕೊಟ್ಟಿದ್ದಾರೆ. ಹಾಲಿಗೆ ಮಾತ್ರ ಬೆಳಿಗ್ಗೆ ಅವರೇ ಮೊದಲು ಬಂದು ಪಾತ್ರೆ ಹಿಡಿಯುತ್ತಾರೆ. ನಿಮ್ಮಪ್ಪ ಸರಿಯಾಗಿ ಊಟ ಮಾಡುತ್ತಿದ್ದಾರೆ, ಆದರೆ ನನ್ನ ಜೊತೆ ಎಷ್ಟು ಬೇಕೋ ಅಷ್ಟೇ ಮಾತು. ಅದಕ್ಕೆ ಕಾರಣ ನಿನಗೆ ಗೊತ್ತು. ನೀನೂ ವಾರದಿಂದ ಫೋನ್ ಎತ್ತುತ್ತಿಲ್ಲ. ಎತ್ತದೆ ಇದ್ದದ್ದೇ ಒಳ್ಳೆಯದಾಯಿತು. ಬಾಯಿ ತೆರೆದರೆ ನಾನು ಮೊದಲು ಜಗಳಕ್ಕೆ ನಿಲ್ಲುತ್ತೇನೆ, ತಪ್ಪು ಯಾರದು ಎಂಬುದು ಆಮೇಲೆ. ಬರೆಯುವಾಗ ಹೊಡೆದುಹಾಕಬಹುದು. ಇದಕ್ಕೆ ಮೊದಲು ಬರೆದ ಎರಡು ಹಾಳೆ ಒಲೆಗೆ ಹೋದವು.

ನೀನು ಹೈದರಾಬಾದಿಗೆ ಹೋದಾಗ ಆ ಚೀನಾದ ಬೊಂಬೆ ಸಿನಿಮಾ ನೋಡಿ ಬಂದು ಫೋನಿನಲ್ಲಿ ಕುಣಿದದ್ದು ನೆನಪಿದೆ. "ಚಿಕ್ಕಮ್ಮ, ಕನ್ನಡದಲ್ಲೂ ಬಂದಿದೆ, ನೀನು ನೋಡ್ಲೇಬೇಕು, ನೋಡಿ ಹೆಂಗಿತ್ತು ಅಂತ ನೀನೇ ಹೇಳ್ಬೇಕು" ಎಂದು ನೂರು ಸಲ ಹೇಳಿ, ಮೂವರಿಗೂ ಅಲ್ಲಿಂದಲೇ ಟಿಕೆಟ್ ಮಾಡಿದೆ. ಬೊಂಬೆ ಸಿನಿಮಾಕ್ಕೆ ನಿಮ್ಮಪ್ಪ ಬರುವುದೆಂದರೆ ಏನು, ಅಜ್ಜಿ ಬರುವುದೆಂದರೆ ಏನು! ಆದರೂ ಮಗಳು ಕಳಿಸಿದ ಟಿಕೆಟ್ ಎಂದು ನಿಮ್ಮಪ್ಪ ಇಸ್ತ್ರಿ ಮಾಡಿದ ಪಂಚೆ ಉಟ್ಟರು. ಅಜ್ಜಿ ಎಲೆಅಡಿಕೆ ಚೀಲವನ್ನು ಸೊಂಟದಲ್ಲಿ ಬಚ್ಚಿಟ್ಟುಕೊಂಡು ಮಾಲಿನ ಬಾಗಿಲಲ್ಲಿ ಕಾವಲಿನವಳಿಗೆ ಸಿಕ್ಕಿಬಿದ್ದರು. ಅಲ್ಲಿಯವರೆಗೆ ನಾನೂ ನಗುತ್ತಲೇ ಇದ್ದೆ.

ಕಥೆ ನಿನಗೆ ಗೊತ್ತು. ಆದರೆ ನನ್ನ ಕಣ್ಣಿಗೆ ಬಿದ್ದದ್ದು ಬೇರೆ ಸಿನಿಮಾ, ಅದಕ್ಕೇ ಬರೆಯುತ್ತೇನೆ. ದೋಣಿ ನಡೆಸುವವನೊಬ್ಬ, ಹೊಳೆಯೊಳಗಿನ ಮಾಯದ ಹೆಣ್ಣೊಬ್ಬಳು. ಅವನಿಗಾಗಿ ಅವಳು ನೀರು ಬಿಟ್ಟು ಬರುತ್ತಾಳೆ, ಮದುವೆಯಾಗುತ್ತಾಳೆ, ಒಂದು ಹೆಣ್ಣುಮಗು ಹುಟ್ಟುತ್ತದೆ. ಹೊಳೆ ಉಕ್ಕಿ ಊರು ಮುಳುಗುವ ಹೊತ್ತಿಗೆ ಊರನ್ನು ಉಳಿಸಲು ನೀರಿಗೆ ವಾಪಸ್ ಹೋಗಿಬಿಡುತ್ತಾಳೆ. ಮಗುವನ್ನು ನೋಡಿಕೊಳ್ಳುವವರಿಲ್ಲ ಎಂದು ಹಿರಿಯರು ಅವನಿಗೆ ಒಬ್ಬ ಕುಂಬಾರ ಹೆಂಗಸನ್ನು ತಂದು ಮದುವೆ ಮಾಡುತ್ತಾರೆ. ಅವಳು ಹೊಸ ಸೀರೆಯಂಥದ್ದೇನೋ ಉಟ್ಟು ಮನೆಯೊಳಗೆ ಕಾಲಿಡುತ್ತಾಳೆ, ಒಳಗೆ ನೋಡಿದರೆ ನೆಲದ ಮೇಲೆ ಆಗಲೇ ಒದ್ದೆ ಹೆಜ್ಜೆಗಳು. ಇವಳಿಗಿಂತ ಮೊದಲೇ ಅವಳು ಬಂದು ಹೋಗಿದ್ದಾಳೆ! ಥಿಯೇಟರಿನಲ್ಲಿದ್ದವರೆಲ್ಲ ಅಯ್ಯೋ ಎಂದರು. ಪಕ್ಕಕ್ಕೆ ತಿರುಗಿದರೆ ನಿಮ್ಮಪ್ಪ ಟವೆಲಿನಿಂದ ಕಣ್ಣು ಒರೆಸಿಕೊಳ್ಳುತ್ತಿದ್ದಾರೆ. ಅಷ್ಟರಲ್ಲಿ ಇಂಟರ್‌ವಲ್ ಬಿಟ್ಟರು.

ನಿಮ್ಮಪ್ಪ ನನ್ನ ಮುಂದೆ ಅತ್ತದ್ದನ್ನು ನಾನು ಅದೇ ಮೊದಲು ನೋಡಿದ್ದು. ಇದನ್ನು ತೋರಿಸಲೆಂದೇ ನೀನು ಟಿಕೆಟ್ ಮಾಡಿದ್ದೀಯ ಎಂದುಕೊಂಡೆ. ನೀನು ಎಷ್ಟೇ ಮಾಡು ಚಿಕ್ಕಮ್ಮ, ಈ ಮನೆಯ ನಿಜವಾದ ಹೆಂಡತಿ ತೀರಿಹೋದ ನನ್ನ ಅಮ್ಮನೇ ಎಂದು ಬಾಯಲ್ಲಿ ಹೇಳಲಾರದೆ ಸಿನಿಮಾದಲ್ಲಿ ಹೇಳಿಸಿದ್ದೀಯ ಎಂದುಕೊಂಡೆ. ಅಜ್ಜಿಗೆ ಕಾಲು ನೋಯುತ್ತದೆ ಎಂದು ಅವರನ್ನು ಅಲ್ಲೇ ಬಿಟ್ಟು, ನಿಮ್ಮಪ್ಪನಿಗೆ ಒಂದು ಮಾತೂ ಹೇಳದೆ ಹೊರಗೆ ಬಂದೆ.

ಹೊರಗೆ ಮೈಕ್ ಹಿಡಿದ ಯೂಟ್ಯೂಬಿನವನು ನಿಂತಿದ್ದ. ಈಗ ಇದೊಂದು ಶುರುವಾಗಿದೆಯಲ್ಲ, ಸಿನಿಮಾ ಮುಗಿಯುವವರೆಗೂ ತಡೆಯದೆ ಅರ್ಧಕ್ಕೇ ಜನರ ಬಾಯಿಗೆ ಮೈಕ್ ಇಡುವುದು. ಒಬ್ಬ ಹುಡುಗ ಗ್ರಾಫಿಕ್ಸ್ ಸೂಪರ್ ಎಂದ. ಒಬ್ಬರು ಹಾಡು ಜಾಸ್ತಿ ಆಯಿತು ಎಂದರು. ಇಬ್ಬರು ಕಾಲೇಜು ಹುಡುಗಿಯರು ಅಳುತ್ತಾ, ಲವ್ ಅಂದ್ರೆ ಇದು ಎಂದರು. ಆಮೇಲೆ ಅವನು ನನ್ನ ಕಡೆ ತಿರುಗಿ, "ಆಂಟಿ, ಫಸ್ಟ್ ಹಾಫ್ ಹೆಂಗಿದೆ?" ಎಂದ. ಉಳಿದದ್ದನ್ನು ನೀನು ನೋಡಿದ್ದೀಯ. ನಾನೇ ಬರೆದರೆ ನನಗೆ ಶಿಕ್ಷೆಯಾದಂತಾಗುತ್ತದೆ ಎಂದು ಬರೆಯುತ್ತೇನೆ. "ಏನ್ ಲವ್ವು ರೀ ಅದು? ಸತ್ತೋಳು ಸತ್ತಂಗೆ ಇರ್ಬೇಕು! ಅನ್ನ ಬೇಯ್ಸೋಳು ಎರಡನೆಯೋಳು, ಮಗೀನ ಮೂಗು ಒರ್ಸೋಳು ಎರಡನೆಯೋಳು, ಹಾಡೆಲ್ಲಾ ಆ ನೀರಿನೋಳ್ಗೆ. ನಮ್ಮನೇಲೂ ಒಬ್ಳವ್ಳೆ, ನೋಡಿ ಇಲ್ಲಿ" ಎಂದು ತಾಳಿಸರ ಎಳೆದು, ಎರಡನೆಯವಳಾಗಿ ಬಂದವಳು ಮೊದಲಿನವಳ ಹೆಸರಿನಲ್ಲಿ ಕಟ್ಟಿಕೊಳ್ಳುವ ಆ ಚಿನ್ನದ ಬಿಲ್ಲೆಯನ್ನು ಕ್ಯಾಮೆರಾಗೆ ಹಿಡಿದೆ. "ಕುತ್ತಿಗೇಲೇ ಕಟ್ಕೊಂಡು ತಿರುಗ್ತಿದೀನಿ. ಹಬ್ಬ ಬಂದ್ರೆ ಸೀರೆ ಮೊದ್ಲು ಅವಳ್ಗೆ. ಎದುರ್ಗೆ ಬಂದಿದ್ರೆ ಜುಟ್ಟು ಹಿಡ್ದು ಕೇಳ್ತಿದ್ದೆ, ಯಾಕಮ್ಮ ನನ್ ಪ್ರಾಣ ತಿಂತೀಯ ಅಂತ. ಬೆಳೆಸಿದ್ದು ನಾನು, ಅಮ್ಮ ಅನ್ನಿಸ್ಕೊಳ್ಳೋದು ಫೋಟೋ!" ಇಷ್ಟು ಹೇಳಿ ಆಟೋ ಹತ್ತಿ ಮನೆಗೆ ಬಂದೆ.

ಇನ್ನೂ ನಾಚಿಕೆಗೇಡಿನ ವಿಷಯ ಹೇಳಲೇ? ಮಾರನೆಯ ದಿನ ಆ ವಿಡಿಯೋ ಎಲ್ಲರ ಫೋನಿಗೂ ಬಂದಾಗ ನನಗೆ ಖುಷಿಯಾಯಿತು. ಹಾಲಿಗೆ ಬಂದವರು "ಸೂಪರ್ ಆಗಿ ಮಾತಾಡಿದೀರ ಧನಲಕ್ಷ್ಮಮ್ಮ" ಎಂದರು, ನಾನು ಅರ್ಧ ಲೋಟ ಹೆಚ್ಚಿಗೇ ಹಾಕಿದೆ. ಆ ಸೀರೆಯಲ್ಲಿ ಸ್ವಲ್ಪ ದಪ್ಪ ಕಾಣುತ್ತೇನಾ ಎಂದು ಮತ್ತೆ ಮತ್ತೆ ನೋಡಿದೆ. ಕೆಳಗೆ ಜನ ಬರೆದದ್ದನ್ನೆಲ್ಲ ಓದಿದೆ. ಈ ಆಂಟಿಗೇ ಒಂದು ಸಿನಿಮಾ ಕೊಡಿ ಎಂದು ಒಬ್ಬ, ಯಾವುದೋ ಊರಿನ ಹೆಣ್ಣುಮಗಳು ನನ್ನದೂ ಇದೇ ಬಾಳು ಅಕ್ಕ ಎಂದು. ನಗುವ ಬೊಂಬೆಮುಖಗಳಿಗಂತೂ ಲೆಕ್ಕವಿಲ್ಲ. ಓದುತ್ತಾ ಹೋದಾಗ ಒಬ್ಬ ಹುಡುಗಿ ಬರೆದದ್ದು ಸಿಕ್ಕಿತು. "ಇಂಟರ್‌ವಲ್‌ಗೇ ಎದ್ದು ಬಂದ್ರಾ ಆಂಟಿ? ಸೆಕೆಂಡ್ ಹಾಫ್ ಪೂರ್ತಿ ಎರಡನೇ ಹೆಂಡ್ತಿದೇ."

ಅಜ್ಜಿಯನ್ನು ಕೇಳಿದೆ. ಅವರು ಅಡಿಕೆ ಕುಟ್ಟುತ್ತಾ ತಲೆ ಎತ್ತದೆ, "ನೀನ್ ಎದ್ದೋಗ್ಬುಟ್ಟೆ. ಆಮೇಕೆಲ್ಲಾ ನಿಂದೇ ಕತೆ. ನಿನ್ ಗಂಡ ಉಮೇಶನೂ ಅದುಕ್ಕೇ ಅತ್ತಿದ್ದು. ಒಳೀಕ್ ಕಾಲಿಟ್ಟಾಗ ಆ ಎಣ್ಣು ಎದ್ರಿತ್ತಲ್ಲ, ನಮ್ ಧನೀನೂ ಇಂಗೇ ಎದ್ರಿದ್ಳು ಅವ್ವಾ, ನಾನ್ ಒಂದ್ ಮಾತು ಆಡ್ಲಿಲ್ಲ ಅಂದ" ಎಂದರು. ನಾನು ಕೊಟ್ಟಿಗೆಗೆ ಹೋಗಿ ಕೆಂದಿಯ ಬೆನ್ನು ಹಿಡಿದು ನಿಂತುಕೊಂಡೆ.

ಗುರುವಾರ ಒಬ್ಬಳೇ ಮತ್ತೆ ಹೋಗಿ ಪೂರ್ತಿ ನೋಡಿದೆ. ಆ ಕುಂಬಾರ ಹೆಂಗಸು ಮೊದಲಿನವಳ ಹೆಸರಿನಲ್ಲಿ ದಿನಾ ಸಂಜೆ ಹೊಳೆಗೆ ದೀಪ ಬಿಡುವುದು, ಬಯ್ಯುತ್ತಲೇ ಬಿಡುವುದು, ನೋಡಿ ನನಗೆ ಅಲ್ಲೂ ನಗು ಬಂತು. ಹೊಳೆಯವಳಿಗೆ ಒಂದೇ ಒಂದು ರಾತ್ರಿ ವರ ಸಿಗುತ್ತದೆ, ಇವಳ ಮೈ ತೆಗೆದುಕೊಂಡು ಮನೆಗೆ ವಾಪಸ್ ಬರಬಹುದು ಎಂದು. ಇವಳು ಒಪ್ಪಿಬಿಡುತ್ತಾಳೆ. ಮಗು ನಿನ್ನದು, ಬಾ ಎನ್ನುತ್ತಾಳೆ. ಅವಳು ಬಂದು ನಿಲ್ಲುವ ಹೊತ್ತಿಗೆ ಮಗು ಕೆಟ್ಟ ಕನಸು ಕಂಡು ಎದ್ದು, ಈ ಕುಂಬಾರ ಹೆಂಗಸಿನ ಕಡೆಗೆ ಕೈ ಚಾಚುತ್ತದೆ. ಹೊಳೆಯವಳು ಅದನ್ನು ನೋಡಿ, ನಾನು ಹೆತ್ತೆ, ರಾತ್ರಿಯೆಲ್ಲ ಎದ್ದವಳು ನೀನು ಎಂದು ನೀರಿಗೆ ಹೊರಟುಹೋಗುತ್ತಾಳೆ. ನಿನಗೆ ಉಬ್ಬಸ ಬರುತ್ತಿದ್ದ ಚಳಿಗಾಲಗಳು ನೆನಪಾದವು. ನೀನು ಅದನ್ನೆಲ್ಲ ಮರೆತಿದ್ದೀಯ ಎಂದುಕೊಂಡಿದ್ದೆ. ನೀನು ಈ ಮಾತನ್ನು ನನಗೆ ಕೇಳಿಸಲು ಅಷ್ಟು ದೂರದಿಂದ ಟಿಕೆಟ್ ಮಾಡಿ ಕಳಿಸಿದರೆ, ನಾನು ಅದನ್ನು ಕೇಳದೆ ಬಂದು ಲೋಕದ ಮುಂದೆ ನಿಮ್ಮಮ್ಮನ ಜುಟ್ಟಿಗೆ ಕೈ ಹಾಕಿದೆ.

ಅದಕ್ಕಿಂತ ಹೆಚ್ಚು ನನ್ನನ್ನು ಸುಡುತ್ತಿರುವುದು ಆ ಕೊನೆಯ ಮಾತು. ನೀನು ನನ್ನನ್ನು ಅಮ್ಮ ಎನ್ನುವುದಿಲ್ಲ ಎಂದು ಊರಿಗೆಲ್ಲ ದೂರು ಹೇಳಿದೆನಲ್ಲ, ನಿನಗೆ ಗೊತ್ತಿಲ್ಲದ್ದನ್ನು ಹೇಳುತ್ತೇನೆ. ನಾನು ಈ ಮನೆಗೆ ಬಂದ ವಾರವೇ, ಮೂರು ವರ್ಷದ ನೀನು ಹಿಂದಿನಿಂದ ಬಂದು ನನ್ನ ಕಾಲು ತಬ್ಬಿ ಅಮ್ಮ ಎಂದಿದ್ದೆ. ನನಗೆ ಜೀವ ಹಾರಿಹೋಯಿತು. ಗೋಡೆಯ ಮೇಲೆ ಅವಳ ಫೋಟೋ ಇತ್ತು. ಸತ್ತವಳಿಗೆ ಸಿಟ್ಟು ಬಂದು ಮಗುವಿಗೇನಾದರೂ ಆದರೆ ಎಂದು ಹೆದರಿ, ಹಾಗನ್ನಬಾರದು, ಚಿಕ್ಕಮ್ಮ ಅನ್ನು ಎಂದು ಗದರಿಸಿದವಳು ನಾನೇ. ಹೇಳಿದ ಮಾತು ಕೇಳುವ ಮಗು ನೀನು, ಅವತ್ತಿನಿಂದ ಚಿಕ್ಕಮ್ಮ ಎಂದೆ. ಕೊಟ್ಟದ್ದನ್ನು ನಾನೇ ಬೇಡವೆಂದು, ಈಗ ಕೊಡಲಿಲ್ಲ ಎಂದು ಮೈಕಿನಲ್ಲಿ ಕೂಗಿದೆ.

ಆ ಮೈಕಿನವನನ್ನು ಹುಡುಕಿಸಿ ಅಳಿಸಪ್ಪ ಎಂದು ಬೇಡಿಕೊಂಡೆ. ಪಾಪ, ಅಳಿಸಿದ. ಅಷ್ಟು ಹೊತ್ತಿಗೆ ಯಾರ್ಯಾರೋ ತೆಗೆದಿಟ್ಟುಕೊಂಡಿದ್ದರು. ಪೂರ್ತಿ ನೋಡಿ ಬಂದಿದ್ದೇನೆ, ಸರಿಯಾದ ಅಭಿಪ್ರಾಯ ಹೇಳುತ್ತೇನೆ ಎಂದರೆ, ಅದನ್ನ ಯಾರೂ ನೋಡಲ್ಲ ಆಂಟಿ ಎಂದ. ಅಬ್ಬಿಗೆರೆಯಲ್ಲಿ ನಿಮ್ಮಮ್ಮನ ತಾಯಿ ಅಂಜಿನಮ್ಮನವರು ಅದನ್ನು ನೋಡಿದ್ದರೆ ಏನು ಗತಿ ಎಂಬುದೇ ನನಗೆ ಹಗಲೂ ರಾತ್ರಿ ಯೋಚನೆ. ರಜೆಗೆ ಬಂದಾಗಲೆಲ್ಲ ನೀನು ಅಲ್ಲಿಗೆ ಹೋಗುತ್ತೀಯ, ನಾನು ಇದುವರೆಗೆ ಆ ಮನೆಗೆ ಕಾಲಿಟ್ಟವಳಲ್ಲ. ಮಗಳ ಜಾಗಕ್ಕೆ ಬಂದವಳನ್ನು ಆ ತಾಯಿ ಹೇಗೆ ನೋಡಿಯಾರು?

ಭಾನುವಾರ ಮಹಾಲಯ ಅಮಾವಾಸ್ಯೆ. ನಿಮ್ಮಮ್ಮನಿಗೆ ಎಡೆ ಇಡಲು ಈ ಸಲ ಬರುವುದಿಲ್ಲ ಎಂದು ನಿಮ್ಮಪ್ಪನಿಗೆ ಹೇಳಿದೆಯಂತೆ. ಪರೀಕ್ಷೆ ಎಂದೆಯಂತೆ. ನಾನು ನಂಬಿದೆ ಎಂದೇ ಇಟ್ಟುಕೋ. ಎಡೆ ನಾನು ಇಡುತ್ತೇನೆ, ಅದರಲ್ಲಿ ಏನೂ ಕಡಿಮೆ ಮಾಡುವುದಿಲ್ಲ. ನೀನು ಚೆನ್ನಾಗಿ ಓದು, ಎಮ್ಮೆಯ ಹಿಂದೆ ನಿಲ್ಲಬೇಡ. ಅಜ್ಜಿಯ ಮತ್ತು ನಿಮ್ಮಪ್ಪನ ಆಶೀರ್ವಾದಗಳು. ನನ್ನದೂ ಇದೆ, ಬೇಕೆನಿಸಿದಾಗ ತೆಗೆದುಕೋ.

ಇಂತಿ,
ತಲೆ ಎತ್ತಲಾರದೆ ಬರೆದ ನಿನ್ನ ಚಿಕ್ಕಮ್ಮ
ಧನಲಕ್ಷ್ಮಿ

ತಾ.ಕ.: ಡಬ್ಬಿಗೆ ಟೇಪ್ ಸುತ್ತಿದ್ದವಳು ಮತ್ತೆ ಬಿಚ್ಚಿ ಬರೆಯುತ್ತಿದ್ದೇನೆ, ಕೊರಿಯರಿನವನು ಬಾಗಿಲಲ್ಲಿ ನಿಂತು ಗಡಿಯಾರ ನೋಡುತ್ತಿದ್ದಾನೆ. ಈಗಷ್ಟೇ ಅಬ್ಬಿಗೆರೆಯ ಅಂಜಿನಮ್ಮನವರ ಫೋನ್ ಬಂದಿತ್ತು. ನೋಡಿದ್ದಾರೆ. ಬೈಗುಳ ತಿನ್ನಲು ಗಟ್ಟಿಯಾಗಿ ನಿಂತುಕೊಂಡೆ. ಅವರು, "ನೋಡ್ದೆ ಕಣಮ್ಮ. ನನ್ ಮಗ್ಳು ಶಾಂತಲಾ ತೀರೋದ್ಮೇಲೆ ನನ್ ಎದುರ್ಗೆ ಯಾರೂ ಅವಳ್ ಎಸ್ರೇ ಎತ್ತಾಕಿಲ್ಲ, ಮುದ್ಕಿ ಅತ್ತಾಳು ಅಂತ. ನೀನೊಬ್ಳು ಬದ್ಕಿರೋಳ್ ಜೊತೆ ಜಗಳ ಆಡ್ದಂಗ್ ಆಡ್ದೆ. ಕೇಳಿ ಒಟ್ಟೆ ತಣ್ಣಗಾಯ್ತು. ಬಾ ಒಂದ್ ದಪ, ಅವ್ಳ್ ಎಂಗಿದ್ಲು ಅಂತ ಏಳ್ತೀನಿ. ಅವ್ಳೂ ನಿನ್ನಂಗೇ ಬಾಯ್ ಜೋರು" ಎಂದರು. ಬೈದಿದ್ದರೆ ತಡೆದುಕೊಳ್ಳುತ್ತಿದ್ದೆ ಸುಮಾ, ಇದನ್ನು ತಡೆಯಲಾಗಲಿಲ್ಲ. ಶನಿವಾರ ಬರುತ್ತೇನೆ ಎಂದುಬಿಟ್ಟಿದ್ದೇನೆ. ಒಬ್ಬಳೇ ಹೋಗಲು ನನಗೆ ಮುಖವಿಲ್ಲ. ಶುಕ್ರವಾರ ರೈಲು ಹತ್ತಿ ಯಶವಂತಪುರದಲ್ಲಿ ಇಳಿ, ನಾನು ಸ್ಟೇಷನ್ನಿನಲ್ಲೇ ಇರುತ್ತೇನೆ. ನನ್ನನ್ನು ಏನೂ ಎಂದು ಕರೆಯಬೇಡ, ಮಾತೂ ಆಡಬೇಡ, ಅಬ್ಬಿಗೆರೆಯವರೆಗೆ ಪಕ್ಕದಲ್ಲಿ ಕೂತು ಬಾ.