ವಿಡಿಯೋಗೇಮ್ ಮೇಜಿಗೆ ಗಾಜು ಕೂರಿಸಿದ್ದು

ರೀ,

ನೀವೇ ಮಾಡಿದ ವಿಡಿಯೋಗೇಮ್ ಮೇಜಿಗೆ ಗಾಜು ಕೂರಿಸಿದ್ದಾಯಿತು. ನೀವು ಡ್ಯೂಟಿಗೆ ಹೋದ ಹಿಂದೆಯೇ ಅಂಗಡಿಯವರು ತಂದುಕೊಟ್ಟರು. "ಸಂಜೆ ನಿಮ್ಮ ಮಗನೇ ಬಂದು ಹಾಕ್ಲಿ ಬಿಡಿ ಅತ್ತೆ" ಅಂದೆ. ಕೇಳಲಿಲ್ಲ. "ಮೂರು ತಿಂಗ್ಳಿಂದ ಟೀವಿನ ಮೇಜಿನೊಳ್ಗೆ ಅಂಗಾತ ಮಲಗಿಸಿ ಮಡಗವ್ನೆ. ಹಲ್ಲಿ ಬಿದ್ರೆ ಯಾರು ತೆಗೀತಾರೆ? ಹಿಡ್ಕೊ ಆ ಕಡೆ" ಅಂದರು.

ಹಿಡಿದೆ. ಗಾಜು ಒಳಗೆ ಇಳಿಯಲೇ ಇಲ್ಲ. ಅಳತೆ ಕೊಟ್ಟಮೇಲೆ ಅಂಚಿಗೆ ಮರದ ಪಟ್ಟಿ ಹೊಡೆದಿರಲ್ಲ, ಅದರ ಪ್ರತಾಪ. ವಾಪಸ್ ಕಳಿಸೋಣ ಅಂತ ನಾನು ಹೇಳುವಷ್ಟರಲ್ಲಿ ಅತ್ತೆ ಕುಡುಗೋಲು ತಂದು ಒಂದು ಕಡೆಯ ಪಟ್ಟಿಯನ್ನು ಎಬ್ಬಿಸಿಯೇಬಿಟ್ಟರು. ಗಾಜು ಸರಿಯಾಗಿ ಕೂತಿತು.

ಅಲುಗಾಡದ ಹಾಗೆ ಮೂಲೆಗಳಿಗೆ ರಬ್ಬರ್ ತುಂಡು ಇಟ್ಟಿದ್ದೇವೆ. ನಿಮ್ಮ ಹಳೇ ಹವಾಯಿ ಚಪ್ಪಲಿ ಕತ್ತರಿಸಿ ಅಂದಿದ್ದೆ. ಅವರು ಹೊಸದನ್ನು ಕತ್ತರಿಸಿದ್ದಾರೆ. ಹಳೆಯದು ಬಾಗಿಲ ಹಿಂದಿದೆ, ಸದ್ಯಕ್ಕೆ ಅದನ್ನೇ ಮೆಟ್ಟಿಕೊಳ್ಳಿ.

ಗಾಜಿನ ಒಳಮೈಗೆ ಅತ್ತೆಯ ಅರಿಶಿನದ ಕೈ ಹಾಗೇ ಅಚ್ಚಾಗಿದೆ. ಒರೆಸಲು ಗಾಜು ಎತ್ತಬೇಡಿ, ಇನ್ನೊಂದು ಪಟ್ಟಿಯೂ ಹೋದೀತು. ಆಟದ ವಿಮಾನ ಅವರ ಹೆಬ್ಬೆರಳ ಕೆಳಗೆ ಹೋದಾಗ ಕಾಣುವುದಿಲ್ಲ, ಅಷ್ಟೇ.

ನಾನು ತರಬೇತಿಗೆ ಬೇಲೂರಿಗೆ ಹೊರಟೆ, ನಾಳೆ ಸಂಜೆ ಬರ್ತೀನಿ. ಸಾರು ಒಲೆ ಮೇಲಿದೆ. ಬಿಸಿ ಪಾತ್ರೆಯನ್ನು ಗಾಜಿನ ಮೇಲೆ ಇಟ್ಟೀರಿ, ಜೋಕೆ.

ಅತ್ತೆಯ ಮೇಲೆ ರೇಗಬೇಡಿ. ಮಧ್ಯಾಹ್ನದಿಂದ ಮೇಜು ಬಿಟ್ಟು ಎದ್ದಿಲ್ಲ, ಒಬ್ಬರೇ ಆಡುತ್ತಿದ್ದಾರೆ. ಎದುರು ಕೂತು ನೀವೂ ಒಂದಾಟ ಆಡಿ. ಅಮ್ಮ ಅಂತ ಬೇಕಂತಲೇ ಸೋಲಲು ಹೋಗಬೇಡಿ. ಹೇಗಿದ್ದರೂ ಸೋಲ್ತೀರಿ.

ಮಾಲಿನಿ